ಕಸದ ಬುಟ್ಟಿ ತುಂಬುವ ಮುನ್ನ: ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿಯ ಕಾಲೇಜುಗಳಲ್ಲಿ ಓದುತ್ತಿರುವ ಓದುಗರು ತಮ್ಮ ದಿನನಿತ್ಯದ ಕಸವನ್ನು ಕಡಿಮೆ ಮಾಡುವ ಬಗ್ಗೆ ಬರೆದ ಪತ್ರಗಳಲ್ಲಿ ಕೆಲವನ್ನು ಈ ಬಾರಿ ಆಯ್ದುಕೊಂಡಿದ್ದೇನೆ. ಮೊದಲ ಪತ್ರ ಎತ್ತಿರುವ ವಿಷಯ ದೊಡ್ಡದು. ಆದ್ದರಿಂದ ಅದರ ಉತ್ತರವೂ ದೀರ್ಘವಾಗಿದೆ.

ಪ್ರಶ್ನೆ: ನಾನು ಸಿಂದಗಿ ತಾಲ್ಲೂಕಿನ ಹಳ್ಳಿಯವಳು. ವಿಜಯಪುರದಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಕೋಣೆಯಲ್ಲಿ ಮೂವರಿದ್ದೇವೆ, ಕಸದ ಬುಟ್ಟಿ ಎರಡು ದಿನಕ್ಕೆ ತುಂಬಿಬಿಡುತ್ತದೆ. ಊರಿನಲ್ಲಿ ನಮ್ಮ ಇಡೀ ಮನೆಯಿಂದ ಇಷ್ಟು ಕಸ ಹೊರಬೀಳುವುದಿಲ್ಲ. ಕಡಿಮೆ ಮಾಡುವ ದಾರಿ ಹುಡುಕಿದರೆ ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ ಮುಂತಾದವನ್ನು ಕೊಳ್ಳಿ ಎಂಬ ಸಲಹೆಯೇ ಸಿಗುತ್ತದೆ. ನನ್ನ ಬಳಿ ಅಷ್ಟು ಹಣವಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: ಏನನ್ನೂ ಕೊಳ್ಳದೆ ಆರಂಭಿಸಿ. ಕಸ ಕಡಿಮೆ ಮಾಡಲೆಂದು ಹೊಸ ವಸ್ತುಗಳನ್ನು ತರಿಸಿಕೊಂಡರೆ ಅವು ಬರುವ ಪೆಟ್ಟಿಗೆ, ಅದರೊಳಗಿನ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿಗಳೇ ಮೊದಲು ನಿಮ್ಮ ಬುಟ್ಟಿಯನ್ನು ಸೇರುತ್ತವೆ. ಈಗಿರುವ ಬ್ರಷ್ ಸವೆಯುವವರೆಗೂ ಅದನ್ನೇ ಬಳಸಿ. ಮನೆಯಲ್ಲಿರುವ ಒಂದು ಸ್ಟೀಲ್ ಡಬ್ಬಿ, ಒಂದು ಲೋಟ, ನೀರಿಗೊಂದು ಬಾಟಲಿ ಮತ್ತು ಹಳೆಯ ಬಟ್ಟೆಯಲ್ಲಿ ಹೊಲಿದ ಕೈಚೀಲ ಇದ್ದರೆ ವಿದ್ಯಾರ್ಥಿಯೊಬ್ಬರಿಗೆ ಬೇಕಾದ ಸಾಧನಗಳೆಲ್ಲ ಇದ್ದಂತೆಯೇ.

ಬುಟ್ಟಿ ತುಂಬಿದ ದಿನ ಅದನ್ನು ಹಳೆಯ ಪತ್ರಿಕೆಯ ಮೇಲೆ ಸುರುವಿ, ಗೆಳತಿಯರೊಂದಿಗೆ ಕುಳಿತು ನೋಡಿ. ಪ್ರತಿಯೊಂದು ವಸ್ತುವೂ ಎಲ್ಲಿ, ಯಾವ ಹೊತ್ತಿನಲ್ಲಿ ನಿಮ್ಮ ಕೈಗೆ ಬಂತು ಎಂಬುದನ್ನು ನೆನಪಿಸಿಕೊಳ್ಳಿ. ಕ್ಯಾಂಟೀನಿನ ಚಹಾದ ಕಪ್ಪು, ಬಸ್ ನಿಲ್ದಾಣದಲ್ಲಿ ಕೊಂಡ ನೀರಿನ ಬಾಟಲಿ, ಗೇಟಿನೆದುರಿನ ಅಂಗಡಿಯ ಚಿಪ್ಸ್ ಪಾಕೀಟು, ಮೊಸರಿನ ಪಾಕೀಟು, ಶಾಂಪೂ ಪಾಕೀಟು, ಆನ್‌ಲೈನ್‌ನಲ್ಲಿ ತರಿಸಿದ ಬಟ್ಟೆಯ ಕವರು, ಝೆರಾಕ್ಸ್ ಮಾಡಿಸುವಾಗ ಕೆಟ್ಟ ಹಾಳೆಗಳು: ಇವುಗಳಲ್ಲಿ ಹೆಚ್ಚಿನವು ನಾಲ್ಕೈದು ಜಾಗಗಳಿಂದ, ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಯೋಚನೆಯಿಲ್ಲದೆ ತೆಗೆದುಕೊಂಡವು ಎಂಬುದು ನಿಮಗೆ ಕಂಡುಬರುತ್ತದೆ. ಬದಲಾವಣೆ ಆಗಬೇಕಾದದ್ದು ಆ ಜಾಗಗಳಲ್ಲಿ. ವಸ್ತು ಬುಟ್ಟಿಗೆ ಬಂದಮೇಲೆ ನಾವು ಮಾಡಬಹುದಾದದ್ದು ಬಹಳ ಸ್ವಲ್ಪ.

ಯಾವುದನ್ನು ಮೊದಲು ಬಿಡಬೇಕು ಎಂದು ತೀರ್ಮಾನಿಸಲು ನಮ್ಮ ಊರುಗಳಲ್ಲಿಯೇ ಒಂದು ನಂಬಬಹುದಾದ ಪರೀಕ್ಷೆಯಿದೆ: ಈ ವಸ್ತುವನ್ನು ರದ್ದಿ ಅಂಗಡಿಯವರು ತೂಕ ಹಾಕಿ ಕೊಳ್ಳುತ್ತಾರೆಯೇ? ಪತ್ರಿಕೆ, ನೋಟ್‌ಬುಕ್, ರಟ್ಟು, ಕಬ್ಬಿಣ, ಅಲ್ಯುಮಿನಿಯಂ, ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ನೀರಿನ ಬಾಟಲಿ ಇವುಗಳಿಗೆ ಅವರು ಹಣ ಕೊಡುತ್ತಾರೆ. ಅಂದರೆ ಮುಂದೆ ಅವುಗಳನ್ನು ಕರಗಿಸಿಯೋ ಅರೆದೋ ಮರಳಿ ಬಳಸುವವರಿದ್ದಾರೆ. ಚಿಪ್ಸ್, ಬಿಸ್ಕತ್ತು, ಶಾಂಪೂಗಳ ಪಾಕೀಟುಗಳನ್ನು ಯಾರೂ ಮುಟ್ಟುವುದಿಲ್ಲ. ಇಂಥ ಹಲವು ಪಾಕೀಟುಗಳಲ್ಲಿ ಬೇರೆಬೇರೆ ಪ್ಲಾಸ್ಟಿಕ್ಕಿನ ಪದರಗಳನ್ನೂ ಅಲ್ಯುಮಿನಿಯಂನ ತೆಳು ಲೇಪವನ್ನೂ ಒಂದಕ್ಕೊಂದು ಅಂಟಿಸಿರುವುದರಿಂದ ಅವುಗಳನ್ನು ಮತ್ತೆ ಬೇರ್ಪಡಿಸುವುದು ಲಾಭದ ಕೆಲಸವಲ್ಲ. ಚೆನ್ನಾಗಿ ಸಂಗ್ರಹವಾದರೆ ಅವು ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಉರುವಲಾಗಬಹುದು. ಸಂಗ್ರಹವಾಗದಿದ್ದರೆ ಆಷಾಢದ ಗಾಳಿ ಅವನ್ನು ಊರಾಚೆಯ ಜಾಲಿ ಕಂಟಿಗಳಿಗೂ ಎರೆ ಹೊಲಗಳಿಗೂ ಒಯ್ಯುತ್ತದೆ. ಮಣ್ಣಿನಲ್ಲಿ ಹೂತ ಪ್ಲಾಸ್ಟಿಕ್ ಹಾಳೆ ನೀರು ಇಂಗುವುದಕ್ಕೂ ಬೇರು ಇಳಿಯುವುದಕ್ಕೂ ಅಡ್ಡಿಯಾಗುತ್ತದೆ ಎಂಬುದನ್ನು ಒಕ್ಕಲುತನದ ಮನೆಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ. ರದ್ದಿಯವರು ಬೇಡವೆನ್ನುವ ವಸ್ತುವನ್ನು ಅಂಗಡಿಯಲ್ಲಿ ನೀವೂ ಬೇಡವೆನ್ನಿ. ಶಾಂಪೂವಿನ ವಿಷಯದಲ್ಲಿ ಬಾಟಲಿಗಿಂತ ಪಾಕೀಟು ಅಗ್ಗವಾಗಿ ಬೀಳುವುದುಂಟು, ಅದನ್ನು ನಾನು ಬಲ್ಲೆ. ಆದರೂ ಮೂವರು ಸೇರಿ ಒಂದು ದೊಡ್ಡ ಬಾಟಲಿ ತಂದರೆ ಹೊರೆ ಹೆಚ್ಚಾಗಲಾರದು, ಮನೆಯ ಸೀಗೆಪುಡಿ ಬಂದರಂತೂ ಇನ್ನೂ ಒಳ್ಳೆಯದು.

ನಿಮ್ಮ ಊರ ಮನೆಯಲ್ಲಿ ಕಸ ಕಡಿಮೆ ಎಂದು ಬರೆದಿದ್ದೀರಿ. ಅಲ್ಲಿ ಜೋಳ ಚೀಲದಲ್ಲಿರುತ್ತದೆ, ಮೊಸರು ಗಡಿಗೆಯಲ್ಲಿರುತ್ತದೆ, ಕಾಯಿಪಲ್ಯದ ಸಿಪ್ಪೆ ದನಕ್ಕೋ ತಿಪ್ಪೆಗೋ ಹೋಗುತ್ತದೆ. ಮನೆಯೊಳಗೆ ಬರುವ ಪದಾರ್ಥ ಹೊದಿಕೆಯಿಲ್ಲದೆ ಬರುವುದರಿಂದ ಹೊರಹೋಗುವ ಹೊದಿಕೆಯೂ ಇಲ್ಲ. ಆ ವ್ಯವಸ್ಥೆಯ ಒಂದು ಭಾಗವನ್ನು ನೀವು ಹಾಸ್ಟೆಲ್ಲಿಗೆ ತಂದುಕೊಳ್ಳಬಹುದು. ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬುತ್ತಿ ಕಳಿಸುವ ಪದ್ಧತಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ: ಅದೇ ಡಬ್ಬಿ ತುಂಬಿ ಬರುತ್ತದೆ, ಅದೇ ಡಬ್ಬಿ ತೊಳೆದು ಮರಳಿ ಹೋಗುತ್ತದೆ, ನಡುವೆ ಎಸೆಯುವಂಥದು ಏನೂ ಇಲ್ಲ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಪುಡಿಗಳಿಗೆ ಫ್ರಿಜ್ ಬೇಕಿಲ್ಲ. ರಾತ್ರಿ ಓದುವಾಗ ಹಸಿವಾದರೆ ಪಾಕೀಟು ಹರಿಯುವ ಬದಲು ಚುನಮರಿಗೆ ಒಂದಿಷ್ಟು ಹಿಂಡಿ, ಉಳ್ಳಾಗಡ್ಡಿ ಕಲಸಿಕೊಳ್ಳಿ. ಹೊಟ್ಟೆಯೂ ಹೆಚ್ಚು ತುಂಬುತ್ತದೆ. ಗೇಟಿನ ಬಳಿ ಮಿರ್ಚಿ ಭಜಿ ಕೊಳ್ಳುವುದಾದರೆ ನಿಮ್ಮ ಡಬ್ಬಿಯನ್ನೇ ಮುಂದೆ ಹಿಡಿಯಿರಿ. ಮುದ್ರಿತ ಪತ್ರಿಕೆಯ ಹಾಳೆಯಲ್ಲಿ ಬಿಸಿ ಎಣ್ಣೆಯ ತಿಂಡಿ ಕಟ್ಟಬಾರದು, ಶಾಯಿಯ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ ಎಚ್ಚರಿಸಿದೆ.

ಚಹಾದ ಕಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾಗದದ ಕಪ್ಪು ನಿರುಪದ್ರವಿ ಎಂದು ತಿಳಿದವರು ಬಹಳ ಜನ. ನೀರು ಸೋರದಿರಲೆಂದು ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವನ್ನು ಹಚ್ಚಿರುತ್ತಾರೆ. ಆ ಪದರದಿಂದಾಗಿಯೇ ರದ್ದಿಯವರು ಅದನ್ನು ಕಾಗದವೆಂದು ಒಪ್ಪುವುದಿಲ್ಲ. ಖರಗಪುರದ ಐಐಟಿಯ ಸಂಶೋಧಕರು ಇಂಥ ಕಪ್ಪುಗಳಲ್ಲಿ 85ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯ 100 ಮಿಲಿಲೀಟರ್ ನೀರನ್ನು 15 ನಿಮಿಷ ಇಟ್ಟು ಪರೀಕ್ಷಿಸಿದಾಗ ಸುಮಾರು 25,000 ಅತಿಸಣ್ಣ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರಿದ್ದವು. ನಮ್ಮಲ್ಲಿ ಅನೇಕ ಚಹಾದ ಅಂಗಡಿಗಳಲ್ಲಿ ಗಾಜಿನ ಗ್ಲಾಸು ಈಗಲೂ ಇರುತ್ತದೆ. ಕೇಳಿದವರಿಗೆ ಅದರಲ್ಲಿಯೇ ಕೊಡುತ್ತಾರೆ. ಕ್ಯಾಂಟೀನಿನಲ್ಲಿ ಇಲ್ಲವೆಂದರೆ ಚೀಲದಲ್ಲಿ ನಿಮ್ಮ ಲೋಟವಿರಲಿ. ಒಬ್ಬರೇ ಲೋಟ ಒಯ್ಯುವುದಕ್ಕೆ ಸಂಕೋಚವಾದೀತು, ಮೂವರೂ ಒಯ್ದರೆ ಆಗುವುದಿಲ್ಲ.

ಕುಡಿಯುವ ನೀರಿನದೂ ಇದೇ ಬಗೆ. ನಮ್ಮ ಬೋರ್‌ವೆಲ್‌ಗಳಲ್ಲಿ ಸವಳು ನೀರು ಹೆಚ್ಚಾಗಿರುವುದರಿಂದ ಬಾಟಲಿ ನೀರಿನ ರೂಢಿ ಬಲವಾಗಿದೆ. ಬೆಳಿಗ್ಗೆ ಹೊರಡುವಾಗ ಹಾಸ್ಟೆಲ್ಲಿನ ಫಿಲ್ಟರ್‌ನಲ್ಲಿಯೋ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿಯೋ ಬಾಟಲಿ ತುಂಬಿಸಿಕೊಂಡರೆ ಆ ಖರ್ಚು ಪೂರ್ತಿ ನಿಲ್ಲುತ್ತದೆ.

ಇನ್ನು ಮೆಸ್ಸಿನ ತಾಟು. ಅನ್ನ ನಿಮ್ಮ ಕೋಣೆಯ ಬುಟ್ಟಿಗೆ ಬೀಳುವುದಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ, ಆದರೆ ತೂಕದಲ್ಲಿ ನೋಡಿದರೆ ವಿದ್ಯಾರ್ಥಿಯ ಕಸದಲ್ಲಿ ದೊಡ್ಡ ಪಾಲು ಅದರದೇ ಇರುವ ಸಾಧ್ಯತೆಯಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಜನರಿಗೆ ದೊರೆಯುವ ಆಹಾರದಲ್ಲಿ ಇದು ಸುಮಾರು ಶೇ. 19ರಷ್ಟು. ಮೆಸ್ಸಿನಲ್ಲಿ ಒಮ್ಮೆಗೇ ತುಂಬಿಸಿಕೊಳ್ಳದೆ ಎರಡು ಬಾರಿ ನೀಡಿಸಿಕೊಳ್ಳಿ. ಊರಿಗೆ ಹೋಗುವ ದಿನ ಮತ್ತು ಹೊರಗೆ ಉಣ್ಣುವ ದಿನ ಬೆಳಿಗ್ಗೆಯೇ ಅಡುಗೆಯವರಿಗೆ ತಿಳಿಸುವ ಒಂದು ಪಟ್ಟಿಯನ್ನು ಅಡುಗೆಮನೆಯ ಬಾಗಿಲಿಗೆ ತೂಗುಹಾಕಲು ವಾರ್ಡನ್ ಅವರನ್ನು ಒಪ್ಪಿಸಿದರೆ, ಉಣ್ಣುವವರ ಸಂಖ್ಯೆ ಗೊತ್ತಿಲ್ಲದೆ ಹೆಚ್ಚು ಬೇಯಿಸುವುದು ತಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಒಂದು ಪಟ್ಟಿ ಮಾಡುವ ಕೆಲಸವನ್ನು ನೂರು ಭಿತ್ತಿಪತ್ರಗಳು ಮಾಡಲಾರವು.

ಕಾಗದ ಮತ್ತು ಬಟ್ಟೆಯ ಬಗ್ಗೆ ಸಂಕ್ಷೇಪವಾಗಿ: ಝೆರಾಕ್ಸನ್ನು ಎರಡೂ ಬದಿಗೆ ಮಾಡಿಸಿ, ಹಳೆಯ ನೋಟ್‌ಬುಕ್‌ಗಳ ಖಾಲಿ ಹಾಳೆಗಳನ್ನು ಕಿತ್ತು ಹೊಲಿಸಿದರೆ ಕಚ್ಚಾ ಲೆಕ್ಕಕ್ಕೆ ಹೊಸ ಪುಸ್ತಕವೇ ಬೇಕಿಲ್ಲ, ಪರೀಕ್ಷೆ ಮುಗಿದ ಪಠ್ಯಗಳು ಕಿರಿಯರಿಗೆ ಹೋಗಲಿ. ಬಟ್ಟೆ ಹರಿದರೆ ರಫೂ ಮಾಡಿಸಿ, ಉಡಲಾಗದಷ್ಟು ಹಳೆಯದಾದರೆ ಊರಿಗೆ ಒಯ್ಯಿರಿ. ಹತ್ತಿಯ ಹಳೆಯ ಬಟ್ಟೆ ಕೌದಿ ಹೊಲಿಯುವವರಿಗೆ ಎಂದೂ ಬೇಡವಾಗುವುದಿಲ್ಲ.

ಪ್ರಶ್ನೆ: ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾವು ನಾಲ್ವರು ಹುಡುಗರು ಬಾಡಿಗೆ ಕೋಣೆಯಲ್ಲಿದ್ದು ಅಡುಗೆ ಮಾಡಿಕೊಳ್ಳುತ್ತೇವೆ. ಕಾಯಿಪಲ್ಯದ ಸಿಪ್ಪೆ, ಉಳಿದ ಅನ್ನವನ್ನು ಕವರಿನಲ್ಲಿ ಕಟ್ಟಿ ಎಸೆಯುತ್ತಿದ್ದೇವೆ. ಪಕ್ಕದ ಖಾಲಿ ನಿವೇಶನದಲ್ಲಿ ಎಲ್ಲರೂ ಕಸ ಸುಡುತ್ತಾರೆ. ಕೋಣೆಯಲ್ಲಿಯೇ ಗೊಬ್ಬರ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ, ಅದೂ ಬಾಲ್ಕನಿಯ ಒಂದು ಮೂಲೆಯಲ್ಲಿ. ಬಣ್ಣದ ಹಳೆಯ ಬಕೆಟ್ ಎರಡನ್ನು ತಂದು ತಳಕ್ಕೂ ಸುತ್ತಲೂ ಸಣ್ಣ ತೂತುಗಳನ್ನು ಕೊರೆಯಿರಿ. ಅಡಿಯಲ್ಲಿ ಒಂದು ಪದರ ಒಣಎಲೆ ಅಥವಾ ಕತ್ತರಿಸಿದ ಜೋಳದ ಕಣಿಕೆ ಹಾಕಿ, ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸಗಣಿ ನೀರನ್ನೋ ಚಿಮುಕಿಸಿ. ನಂತರ ಪ್ರತಿದಿನದ ಸಿಪ್ಪೆಯನ್ನು ಸಣ್ಣದಾಗಿ ಕತ್ತರಿಸಿ ಹಾಕಿ, ಅದರ ಎರಡರಷ್ಟು ಒಣಎಲೆಯಿಂದ ಮುಚ್ಚಿ. ಬೇಸಿಗೆಯ ಆರಂಭದಲ್ಲಿ ಬೇವಿನ ಮರಗಳು ಎಲೆ ಉದುರಿಸುವಾಗ ಒಂದು ಚೀಲ ತುಂಬಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಒಣಎಲೆ ಸೇರಿಸಿ ಮಗುಚಿ. ನಮ್ಮ ಒಣ ಹವೆಯಲ್ಲಿ ಇದಕ್ಕಿಂತ ಹೆಚ್ಚಾಗಿ ಎದುರಾಗುವ ತೊಂದರೆ ಬೇರೆಯದು: ಬೇಸಿಗೆಯಲ್ಲಿ ರಾಶಿ ಪೂರ್ತಿ ಒಣಗಿ ಕೊಳೆಯುವುದೇ ನಿಂತುಬಿಡುತ್ತದೆ. ಕೈಯಲ್ಲಿ ಹಿಡಿದು ಒತ್ತಿದಾಗ ತೇವ ತಾಕಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ನೀರು ಚಿಮುಕಿಸುತ್ತಿರಬೇಕು. ಒಂದು ಬಕೆಟ್ ತುಂಬಿದಮೇಲೆ ಅದನ್ನು ಎರಡು ಮೂರು ತಿಂಗಳು ಮಾಗಲು ಬಿಟ್ಟು ಎರಡನೆಯದನ್ನು ಆರಂಭಿಸಿ. ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧವಾಗಿದೆ.

ಬೇಯಿಸಿದ ಅನ್ನ, ಎಣ್ಣೆಯ ಪಲ್ಯ, ಎಲುಬುಗಳನ್ನು ಈ ಸಣ್ಣ ಬಕೆಟ್ಟಿಗೆ ಹಾಕಬೇಡಿ; ಹುಳು ಮತ್ತು ಇಲಿಗಳು ಬರುತ್ತವೆ. ಉಳಿದ ಅನ್ನವನ್ನು ಬೀದಿಯ ದನಗಳಿಗೆ ಸುರಿಯುವುದು ಪುಣ್ಯದ ಕೆಲಸವೆಂದು ಹಲವರು ನಂಬಿದ್ದಾರೆ. ಅನ್ನ, ಚಪಾತಿಗಳನ್ನು ಒಮ್ಮೆಗೇ ಹೆಚ್ಚಾಗಿ ತಿಂದ ದನದ ಹೊಟ್ಟೆಯಲ್ಲಿ ಆಮ್ಲ ಏರಿ ಅದು ಸಾಯುವುದೂ ಉಂಟು, ಕವರಿನಲ್ಲಿ ಕಟ್ಟಿ ಎಸೆದರಂತೂ ಅದು ಕವರನ್ನೂ ಸೇರಿಸಿ ನುಂಗುತ್ತದೆ. ಆದ್ದರಿಂದ ಬೇಯಿಸುವಾಗಲೇ ಅಳೆದು ಬೇಯಿಸಿ. ಉಳಿದರೆ ಮರುದಿನ ಬೆಳಿಗ್ಗೆ ಒಗ್ಗರಣೆ ಹಾಕಿಕೊಳ್ಳಲು ತಂಪು ಜಾಗದಲ್ಲಿ ಇಡಿ.

ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿವೆ. ಪಿವಿಸಿಯಂಥ ಪ್ಲಾಸ್ಟಿಕ್ ಬಯಲಿನ ಬೆಂಕಿಯಲ್ಲಿ ಉರಿದಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ, ಮತ್ತು ಆ ಹೊಗೆಯನ್ನು ಮೊದಲು ಉಸಿರಾಡುವವರು ನೀವೇ. ಮನೆ ಮಾಲೀಕರ ಜೊತೆ ಜಗಳಕ್ಕೆ ಇಳಿಯುವ ಬದಲು, ಓಣಿಗೆ ಕಸದ ಗಾಡಿ ಬರುವ ಸಮಯವನ್ನು ವಿಚಾರಿಸಿ, ಕಸವನ್ನು ಗಾಡಿಗೆ ಒಯ್ದು ಕೊಡುವ ಕೆಲಸವನ್ನು ನೀವು ನಾಲ್ವರು ಸರದಿಯಂತೆ ವಹಿಸಿಕೊಳ್ಳಿ. ಗಾಡಿಗೆ ಹಾಕುವ ರೂಢಿ ಬೆಳೆದ ಓಣಿಯಲ್ಲಿ ಸುಡಲು ಏನೂ ಉಳಿಯುವುದಿಲ್ಲ.

ಪ್ರಶ್ನೆ: ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಾನು ಹಸಿ ಕಸ, ಒಣ ಕಸವನ್ನು ಬೇರೆ ಮಾಡಿ ಕೊಟ್ಟರೂ ಕೆಲವೊಮ್ಮೆ ಗಾಡಿಯಲ್ಲಿ ಎರಡನ್ನೂ ಕೂಡಿಸುವುದನ್ನು ನೋಡಿದ್ದೇನೆ. ಹಾಗಿದ್ದರೆ ಬೇರ್ಪಡಿಸಿ ಏನು ಪ್ರಯೋಜನ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು, ಆದರೆ ಬೇರ್ಪಡಿಸುವುದನ್ನು ನಿಲ್ಲಿಸಬೇಡಿ. ಬೆಳಗಾವಿ ನಗರದ ಕಸ ತುರಮುರಿಯ ವಿಲೇವಾರಿ ಘಟಕಕ್ಕೆ ಹೋಗುತ್ತದೆ. ಹಸಿ ಕಸ ಶುದ್ಧವಾಗಿ ಬಂದರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್, ಗಾಜು, ಬ್ಯಾಟರಿ ಬೆರೆತು ಬಂದರೆ ಆ ಗೊಬ್ಬರವನ್ನು ಯಾವ ರೈತನೂ ತನ್ನ ಹೊಲಕ್ಕೆ ಹಾಕಲು ಒಪ್ಪುವುದಿಲ್ಲ. ಗಾಳಿಯಾಡದ ರಾಶಿಯಲ್ಲಿ ಕೊಳೆತ ಹಸಿ ಕಸ ಮೀಥೇನ್ ಅನಿಲವನ್ನು ಬಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 28 ಪಟ್ಟಿನಷ್ಟು. ನಿಮ್ಮ ಊರಿನಂಥ ಹೆಚ್ಚು ಮಳೆಯ ಊರಿನಲ್ಲಿ ರಾಶಿಯಿಂದ ಇಳಿಯುವ ಕೊಳಚೆ ನೀರು ಇನ್ನೊಂದು ಸಮಸ್ಯೆ, ಮತ್ತು ಅದನ್ನು ಅನುಭವಿಸುವವರು ಕಸ ಹಾಕಿದ ನಗರದವರಲ್ಲ, ಸುತ್ತಲಿನ ಹಳ್ಳಿಯವರು.

ಗಾಡಿಯಲ್ಲಿ ಏನಾದರೂ ಆಗಲಿ, ನಿಮ್ಮ ಕೈಯಲ್ಲಿರುವ ಒಂದು ದಾರಿಯಿದೆ. ರದ್ದಿಗೆ ಹೋಗುವುದನ್ನೆಲ್ಲ ಗಾಡಿಗೆ ಕೊಡಲೇಬೇಡಿ. ಮಂಚದ ಕೆಳಗೆ ಒಂದು ಚೀಲದಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ನೇರವಾಗಿ ಅಂಗಡಿಗೆ ಒಯ್ಯಿರಿ. ಆಗ ಗಾಡಿಗೆ ಸೇರುವುದು ಹಸಿ ಕಸ ಮತ್ತು ನಿಜವಾಗಿ ನಿರುಪಯುಕ್ತವಾದ ಸ್ವಲ್ಪ ಒಣ ಕಸ ಮಾತ್ರ. ಬೇರ್ಪಡಿಸಿ ಕೊಡುವುದು ನಿಯಮದ ಪ್ರಕಾರ ಕಸ ಉತ್ಪಾದಿಸುವವರ ಹೊಣೆ, ಬೇರೆಯಾಗಿಯೇ ಸಾಗಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ತಪ್ಪು ಕಂಡರೆ ಗಾಡಿಯ ಮೇಲಿನ ಕಾರ್ಮಿಕರನ್ನು ಗದರಿಸದೆ, ದಿನಾಂಕ ಮತ್ತು ಓಣಿಯ ಹೆಸರಿನೊಂದಿಗೆ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ. ನೀವು ಕೊಟ್ಟ ಕಸವನ್ನು ಯಾವುದೋ ಹಂತದಲ್ಲಿ ಒಬ್ಬ ಪೌರಕಾರ್ಮಿಕರು ಕೈಯಿಂದ ಆರಿಸುತ್ತಾರೆ. ಬ್ಲೇಡು, ಒಡೆದ ಗಾಜುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ ಬರೆದು ಕೊಡಿ.

ಪ್ರಶ್ನೆ: ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತಿದ್ದೇನೆ. ನಮ್ಮ ಮಹಿಳಾ ಹಾಸ್ಟೆಲ್ಲಿನಲ್ಲಿ ಬಳಸಿದ ಪ್ಯಾಡ್‌ಗಳನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಕೆಲವರು ಶೌಚಾಲಯಕ್ಕೇ ಹಾಕುತ್ತಾರೆ. ಇದರ ಕಸ ಕಡಿಮೆ ಮಾಡುವ ದಾರಿಯಿದೆಯೇ?

ಉತ್ತರ: ಸಂಕೋಚ ಪಡಬೇಡಿ, ಇದು ಉತ್ತರ ಸಿಗಲೇಬೇಕಾದ ಪ್ರಶ್ನೆ. ಸಾಮಾನ್ಯ ಪ್ಯಾಡ್‌ನ ಹೊರಪದರ ಪ್ಲಾಸ್ಟಿಕ್ಕಿನದು. ಒಳಗೆ ದ್ರವವನ್ನು ಹೀರಿ ಉಬ್ಬುವ ಹರಳುಗಳಿರುತ್ತವೆ. ಶೌಚಾಲಯಕ್ಕೆ ಹಾಕಿದರೆ ಅದು ಕೊಳವೆಯಲ್ಲಿ ಉಬ್ಬಿ ಕಟ್ಟಿಕೊಳ್ಳುತ್ತದೆ, ಕೊನೆಗೆ ಅದನ್ನು ಒಬ್ಬ ಮನುಷ್ಯ ಕೈಹಾಕಿ ತೆಗೆಯಬೇಕಾಗುತ್ತದೆ. ಪ್ಯಾಡ್ ಬಳಸುವವರು ಅದನ್ನು ಹಳೆಯ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಇತರ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಇದಕ್ಕಾಗಿ ಸ್ನಾನಗೃಹಗಳ ಬಳಿ ಮುಚ್ಚಳವಿರುವ ಬುಟ್ಟಿಯನ್ನು ಇಡಿಸುವುದು ಹಾಸ್ಟೆಲ್ ಆಡಳಿತದ ಕೆಲಸ. ಹತ್ತು ಮಂದಿ ಸಹಿ ಹಾಕಿ ಕೇಳಿ.

ಕಸವೇ ಆಗದ ಎರಡು ದಾರಿಗಳಿವೆ. ಹತ್ತಿಯ ಬಟ್ಟೆಯ ಪ್ಯಾಡನ್ನು ಸೋಪಿನಲ್ಲಿ ತೊಳೆದು ನೇರ ಬಿಸಿಲಿನಲ್ಲಿ ಒಣಗಿಸಿದರೆ ಮತ್ತೆಮತ್ತೆ ಬಳಸಬಹುದು. ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ, ಮರೆಯಲ್ಲಿ ನೆರಳಿಗೆ ಹಾಕಿ ಸರಿಯಾಗಿ ಒಣಗದಿದ್ದರೆ ಸೋಂಕಿನ ಅಪಾಯ ಹೆಚ್ಚುತ್ತದೆ. ಸಿಲಿಕೋನ್‌ನಿಂದ ಮಾಡಿದ ಮುಟ್ಟಿನ ಕಪ್ ಅನ್ನು ಪ್ರತಿ ತಿಂಗಳೂ ನೀರಿನಲ್ಲಿ ಕುದಿಸಿ ಬಳಸಿದರೆ ಹಲವು ವರ್ಷ, ಕೆಲವು ಬಗೆಯವು 10 ವರ್ಷದವರೆಗೂ ಬಾಳುತ್ತವೆ. ರೂಢಿಯಾಗಲು ಎರಡು ಮೂರು ತಿಂಗಳು ಬೇಕಾಗಬಹುದು. ಕುದಿಸಲು ಅನುಕೂಲವಿಲ್ಲದಿದ್ದರೆ, ಸ್ನಾನಗೃಹದಲ್ಲಿ ನೀರು ಸರಿಯಾಗಿ ಬರದಿದ್ದರೆ, ಅಥವಾ ನಿಮಗೆ ಅದು ಹಿಡಿಸದಿದ್ದರೆ ಪ್ಯಾಡನ್ನೇ ಬಳಸಿ. ಆರೋಗ್ಯವನ್ನು ಒತ್ತೆಯಿಟ್ಟು ಕಸ ಕಡಿಮೆ ಮಾಡಬೇಕೆಂದು ಯಾರೂ ನಿಮ್ಮನ್ನು ಕೇಳುವಂತಿಲ್ಲ.

ಪ್ರಶ್ನೆ: ನಮ್ಮ ವಿಭಾಗದ ಬೀಳ್ಕೊಡುಗೆ ಸಮಾರಂಭದ ಹೊಣೆ ನನ್ನ ಮೇಲಿದೆ. ಫ್ಲೆಕ್ಸ್, ಥರ್ಮಾಕೋಲ್ ಅಲಂಕಾರ, ಪ್ಲಾಸ್ಟಿಕ್ ತಾಟುಗಳಿಲ್ಲದೆ ಮಾಡಲು ಆಗುತ್ತದೆಯೇ? (ವಿಜಯಪುರ)

ಉತ್ತರ: ಆಗುತ್ತದೆ, ಕಾನೂನಿನ ಪ್ರಕಾರ ಹಾಗೆಯೇ ಆಗಬೇಕು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ತಾಟು, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್, ಪ್ಲಾಸ್ಟಿಕ್ ತಾಟು, ಚಮಚ, ಸ್ಟ್ರಾಗಳು ದೇಶದಾದ್ಯಂತ ನಿಷಿದ್ಧವಾಗಿವೆ. ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿಯಿಂದ ಸ್ಟೀಲ್ ತಾಟು, ಲೋಟ ತನ್ನಿ. ತೊಳೆಯುವವರ ಕೂಲಿಯನ್ನೂ ಲೆಕ್ಕದಲ್ಲಿ ಸೇರಿಸಿ. ಫ್ಲೆಕ್ಸಿನ ಬದಲು ಬಿಳಿ ಬಟ್ಟೆಯ ಮೇಲೆ ಬಣ್ಣದಿಂದ ಬರೆಯಿಸಿ, ಇಸವಿಯನ್ನು ಮಾತ್ರ ಬೇರೆ ಚೀಟಿಯಲ್ಲಿ ಬರೆದು ಪಿನ್ನು ಹಾಕಿದರೆ ಮುಂದಿನ ವರ್ಷದ ಕಿರಿಯರಿಗೂ ಅದು ಬರುತ್ತದೆ. ಕೇಕನ್ನು ಮುಖಕ್ಕೆ ಬಳಿಯುವ ರೂಢಿಯನ್ನು ನಿಮ್ಮ ಸಮಾರಂಭದಲ್ಲಾದರೂ ಬಿಡಿ. ತಿನ್ನುವ ಪದಾರ್ಥವನ್ನು ಹಾಗೆ ಹಾಳುಮಾಡುವುದು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ.

ಪ್ರಶ್ನೆ: ಕೆಟ್ಟ ಇಯರ್‌ಫೋನ್, ಚಾರ್ಜರ್, ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಕಸಕ್ಕೆ ಹಾಕಬಹುದೇ? (ಜಮಖಂಡಿ)

ಉತ್ತರ: ಹಾಕಬಾರದು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಹಳೆಯ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದ್ದರಿಂದ ಆಯಾ ಕಂಪನಿಯ ಸರ್ವಿಸ್ ಸೆಂಟರ್‌ಗೆ ಒಯ್ದು ಕೊಡಿ. ತಾಲ್ಲೂಕಿನಲ್ಲಿ ಅದು ಇಲ್ಲದಿದ್ದರೆ ತಂತಿ, ಚಾರ್ಜರ್‌ಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗುವಾಗ ಒಯ್ಯಿರಿ. ತಂತಿ ತುಂಡಾದ ಮಾತ್ರಕ್ಕೆ ಹೊಸದು ಕೊಳ್ಳುವ ಮೊದಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ತೋರಿಸಿ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಇವುಗಳ ಜೊತೆ ಇಡಬೇಡಿ: ಅದನ್ನು ಮತ್ತೆ ಚಾರ್ಜ್ ಮಾಡದೆ, ಒತ್ತದೆ, ಚುಚ್ಚದೆ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಸಿಗೆ ಮತ್ತು ಪುಸ್ತಕಗಳಿಂದ ದೂರವಿಟ್ಟು, ಆದಷ್ಟು ಬೇಗ ಸರ್ವಿಸ್ ಸೆಂಟರ್‌ಗೆ ತಲುಪಿಸಿ.